ಸ್ಟಾಪ್ ವಾಚ್ ಹಿಡಿದಿದ್ದವನ ಮಾತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೈಜ್ಞಾನಿಕ ನಿರ್ವಹಣೆಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಫ್ರೆಡರಿಕ್ ವಿನ್‌ಸ್ಲೋ ಟೇಲರ್ ಎಂಬ ಅಮೆರಿಕದ ಎಂಜಿನಿಯರ್ ಕೆಲಸವನ್ನು ತುಂಡು ತುಂಡಾಗಿಸಿ ಅಳೆದ, ದಂಡವಾಗುತ್ತಿದ್ದ ಸಮಯ ಉಳಿಯಿತು, ಉತ್ಪಾದನೆ ಹೆಚ್ಚಿತು, ಕೂಲಿಯೂ ಏರಿತು, ಎಲ್ಲರಿಗೂ ಒಳ್ಳೆಯದಾಯಿತು ಎಂಬುದು ಅದರ ಸಾರ. ಲೇಖನದಲ್ಲಿ ಸುಳ್ಳೇನೂ ಇಲ್ಲ. ಆದರೆ ಅಳೆಸಿಕೊಂಡವನು ಅದರಲ್ಲಿ ಎಲ್ಲೂ ಬಾಯಿ ಬಿಡುವುದಿಲ್ಲ. ನಾನು ಆರು ವರ್ಷ ಲೇತಿನ, ಅಂದರೆ ಲೋಹ ಕಡೆಯುವ ಯಂತ್ರದ, ಮುಂದೆ ನಿಂತು ಅಳೆಸಿಕೊಂಡವನು. ಆಮೇಲೆ ಇಪ್ಪತ್ತೊಂದು ವರ್ಷ ಅದೇ ಕಾರ್ಖಾನೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ನಿಗದಿ ಮಾಡುವ ವರ್ಕ್ ಸ್ಟಡಿ ವಿಭಾಗದಲ್ಲಿ ಸ್ಟಾಪ್ ವಾಚ್ ಹಿಡಿದು ಬೇರೆಯವರನ್ನು ಅಳೆದವನು. ಎರಡೂ ಕಡೆ ನಿಂತು ಕಂಡದ್ದರಿಂದ ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ದಯವಿಟ್ಟು ಸಹಿಸಿಕೊಳ್ಳಿ.

ಲೇಖನದಲ್ಲಿ ಬಂದಿರುವ ಕಬ್ಬಿಣ ಹೊರುವ ಕತೆಯಿಂದಲೇ ಶುರು ಮಾಡುತ್ತೇನೆ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ 1899ರ ಸುಮಾರಿಗೆ ಒಬ್ಬ ಆಳು ದಿನಕ್ಕೆ ಸರಾಸರಿ 12.5 ಟನ್ ಬೀಡು ಕಬ್ಬಿಣವನ್ನು ರೈಲು ವ್ಯಾಗನ್‌ಗೆ ಹೊತ್ತು ಹಾಕುತ್ತಿದ್ದ, ಟೇಲರ್ ಅದನ್ನು 47.5 ಟನ್‌ಗೆ ಏರಿಸಿದ ಎಂದು ಬರೆದಿದ್ದೀರಿ. ಕೂಲಿ ದಿನಕ್ಕೆ 1.15 ಡಾಲರ್ ಇದ್ದದ್ದು 1.85 ಡಾಲರ್ ಆಯಿತು ಎಂದೂ ಇದೆ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಒಂದೊಂದು ಗಟ್ಟಿ 92 ಪೌಂಡ್, ಅಂದರೆ ಸುಮಾರು 42 ಕಿಲೋ. 2,240 ಪೌಂಡಿನ ಆ ಕಾಲದ ಟನ್ ಲೆಕ್ಕದಲ್ಲಿ 47.5 ಟನ್ ಆಗಬೇಕಾದರೆ ದಿನಕ್ಕೆ 1,150ಕ್ಕೂ ಹೆಚ್ಚು ಸಲ ಬಗ್ಗಿ, ಎತ್ತಿ, ಇಳಿಜಾರಿನ ಹಲಗೆ ಹತ್ತಿ, ಹಾಕಿ, ಇಳಿದು ಬರಬೇಕು. ಹತ್ತು ಗಂಟೆಯ ದಿನದಲ್ಲಿ ಅದು ಹೆಚ್ಚುಕಮ್ಮಿ ಅರ್ಧ ನಿಮಿಷಕ್ಕೊಂದು. ಕೆಲಸ ಸುಮಾರು ನಾಲ್ಕು ಪಟ್ಟಾಯಿತು, ಕೂಲಿ ಶೇ 60ರಷ್ಟು ಹೆಚ್ಚಿತು.

ಆ ಆಳನ್ನು ಟೇಲರ್ ತನ್ನ 1911ರ ಪುಸ್ತಕದಲ್ಲಿ ಶ್ಮಿಟ್ ಎಂದು ಕರೆದ. ನಿಜವಾದ ಹೆಸರು ಹೆನ್ರಿ ನಾಲ್. ಈ ಕೆಲಸಕ್ಕೆ ಲಾಯಕ್ಕಾದವನ ಬುದ್ಧಿ ಎತ್ತಿನ ಬುದ್ಧಿಗೆ ಹತ್ತಿರವಿರಬೇಕು ಎಂದು ಅದೇ ಪುಸ್ತಕದಲ್ಲಿ ಬರೆದ. ಅದೇ ಆಳು ಬೆಳಿಗ್ಗೆ ಕೆಲಸಕ್ಕೆ ಬರುವ ಮುಂಚೆ, ಸಂಜೆ ಕೆಲಸ ಬಿಟ್ಟ ಮೇಲೆ, ತಾನು ಕೊಂಡ ಚೂರು ಜಾಗದಲ್ಲಿ ತನ್ನ ಮನೆಯ ಗೋಡೆ ಎಬ್ಬಿಸುತ್ತಿದ್ದ ಎಂಬುದನ್ನೂ ಅಲ್ಲೇ ಬರೆದಿದ್ದಾನೆ! ಇಡೀ ದಿನ ಭಾರ ಹೊತ್ತು, ಉಳಿದ ಹೊತ್ತಿನಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಎತ್ತಿನ ಬುದ್ಧಿ ಎಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆಮೇಲಿನ ಸಂಶೋಧಕರು ಕಂಪನಿಯ ದಾಖಲೆಗಳನ್ನು ತೆಗೆದು ನೋಡಿ, ಟೇಲರ್ ಈ ಕತೆಗೆ ಸಾಕಷ್ಟು ಬಣ್ಣ ಬಳಿದಿದ್ದಾನೆ ಎಂದು 1974ರಲ್ಲೇ ತೋರಿಸಿದರು. ಆ ಮಾತು ನಿಮ್ಮ ಲೇಖನದಲ್ಲಿ ಇಲ್ಲ.

ಇನ್ನೊಂದು ಮಾತೂ ಇಲ್ಲ, ನನಗೆ ಅದು ಹೆಚ್ಚು ಮುಖ್ಯ. 92 ಪೌಂಡ್ ಭಾರ ಹೊರುವವನು ದಿನದ ಶೇ 43ರಷ್ಟು ಹೊತ್ತು ಮಾತ್ರ ಭಾರ ಹಿಡಿದಿರಬಹುದು, ಉಳಿದ ಶೇ 57 ಕೈ ಖಾಲಿ ಇರಲೇಬೇಕು ಎಂಬುದು ಟೇಲರನದೇ ಲೆಕ್ಕ. ವಿಶ್ರಾಂತಿ ಅವನ ವಿಜ್ಞಾನದ ಒಳಗೇ ಇತ್ತು. ಆದರೆ ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂದು ಹೇಳುವವನು ಪಕ್ಕದಲ್ಲಿ ನಿಂತ ಮೇಲ್ವಿಚಾರಕ. ದಣಿವು ಹೊತ್ತವನ ಮೈಯಲ್ಲಿ, ಅದರ ಅಳತೆ ಮಾತ್ರ ಇನ್ನೊಬ್ಬನ ಕೈಯಲ್ಲಿ. ನನ್ನ ಅನುಭವ ಹೇಳುವುದಾದರೆ, ಇನ್ನೊಬ್ಬನ ಕೈಗೆ ಹೋದ ವಿಶ್ರಾಂತಿ ಬಹಳ ದಿನ ಉಳಿಯುವುದಿಲ್ಲ.

ಟೈಮ್ ಸ್ಟಡಿ ಹೇಗೆ ನಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾನು ಮಾಡುತ್ತಿದ್ದದ್ದನ್ನೇ ಹೇಳುತ್ತೇನೆ. ಎದೆಯ ಹತ್ತಿರ ಒಂದು ಬೋರ್ಡು, ಅದರ ಮೇಲ್ತುದಿಯಲ್ಲಿ ವಾಚು, ಕೆಳಗೆ ಫಾರಂ. ಲೇತ್ ಮೇಲಿನ ಕೆಲಸವನ್ನು ಎಲಿಮೆಂಟುಗಳಾಗಿ ಒಡೆಯುವುದು: ಎರಕದ ಪೀಸ್ ಎತ್ತುವುದು, ಅದನ್ನು ಹಿಡಿದುಕೊಳ್ಳುವ ಚಕ್‌ಗೆ ಕೂರಿಸುವುದು, ಬಿಗಿ ಮಾಡುವುದು, ಮುಖ ಸಮ ಮಾಡುವ ಫೇಸಿಂಗ್, ತೂತು ದೊಡ್ಡದು ಮಾಡುವ ಬೋರಿಂಗ್, ಗೇಜ್ ಹಾಕಿ ನೋಡುವುದು, ಬಿಚ್ಚಿ ಇಡುವುದು. ಹತ್ತು ಹದಿನೈದು ಸುತ್ತು ನೋಡಿ ಸರಾಸರಿ ತೆಗೆಯುವುದು. ಅದು 4 ನಿಮಿಷ ಬಂತು ಎಂದಿಟ್ಟುಕೊಳ್ಳಿ. ಇಲ್ಲಿಯವರೆಗೆ ಗಡಿಯಾರದ ಮಾತು, ಯಾರೂ ತಕರಾರು ಮಾಡುವ ಹಾಗಿಲ್ಲ.

ಮುಂದಿನ ಕಾಲಂ ರೇಟಿಂಗ್. ಈತ ಸಾಮಾನ್ಯ ವೇಗದಲ್ಲಿ ಮಾಡಿದನೇ, ನಿಧಾನ ಮಾಡಿದನೇ, ಜೋರು ಮಾಡಿದನೇ ಎಂಬುದನ್ನು ಕಣ್ಣಲ್ಲಿ ನೋಡಿ ಅಂಕಿ ಹಾಕುವುದು. ಸಾಮಾನ್ಯ ವೇಗಕ್ಕೆ 100, ನಿಧಾನಕ್ಕೆ ಅದಕ್ಕಿಂತ ಕಡಿಮೆ, ಜೋರಿಗೆ ಹೆಚ್ಚು. ನಾನು 90 ಎಂದು ಬರೆದರೆ ಆ 4 ನಿಮಿಷ 3.6 ಆಗುತ್ತದೆ. 110 ಎಂದು ಬರೆದರೆ 4.4 ಆಗುತ್ತದೆ. ಅದರ ಮೇಲೆ ದಣಿವಿಗೆ, ನೀರು ಕುಡಿಯಲು, ಹೊರಗೆ ಹೋಗಿ ಬರಲು ಶೇ 9 ಸೇರಿಸಿ 480 ನಿಮಿಷದ ಶಿಫ್ಟಿಗೆ ಭಾಗಿಸಿದರೆ, ಮೊದಲನೆಯದರಲ್ಲಿ ದಿನಕ್ಕೆ 122 ಪೀಸ್, ಎರಡನೆಯದರಲ್ಲಿ 100. ಒಂದೇ ಮನುಷ್ಯ, ಒಂದೇ ಮೆಷಿನ್, ಒಂದೇ ಗಡಿಯಾರ. 22 ಪೀಸಿನ ವ್ಯತ್ಯಾಸ ನನ್ನ ಕಣ್ಣಿನದು. ಬೇರೆ ಬೇರೆ ವೇಗದಲ್ಲಿ ಕೆಲಸ ಮಾಡುವವರ ಸಿನಿಮಾ ತೋರಿಸಿ ನಮ್ಮ ಕಣ್ಣು ಪಳಗಿಸುತ್ತಿದ್ದರು, ನಿಜ. ಆದರೂ ತಿಂಗಳ ಉತ್ಪಾದನೆ ಹಿಂದೆ ಬಿದ್ದಾಗ ವಿಭಾಗದಲ್ಲಿ ಎಲ್ಲರ ರೇಟಿಂಗೂ ಸ್ವಲ್ಪ ಕೆಳಗೆ ಜಾರುತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಈ ಅಂಕಿ ನೋಟಿಸ್ ಬೋರ್ಡಿಗೆ ಬರುವಾಗ ಎರಡು ದಶಾಂಶ ಸ್ಥಾನಗಳೊಂದಿಗೆ ಟೈಪಾಗಿ ಬರುತ್ತಿತ್ತು. 3.92 ನಿಮಿಷ ಎಂದು ಬರೆದದ್ದನ್ನು ಕಂಡರೆ ಯಾರಾದರೂ ಅದನ್ನು ವಿಜ್ಞಾನವೆಂದೇ ನಂಬುತ್ತಾರೆ.

ಆ ಶೇ 9ರ ಬಗ್ಗೆ ಒಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕೈಪಿಡಿಯಲ್ಲಿ ಗಂಡಸರಿಗೆ ಸ್ವಂತ ಅಗತ್ಯಗಳಿಗೆ ಶೇ 5, ಮೂಲ ದಣಿವಿಗೆ ಶೇ 4 ಎಂದಿದೆ. ಹೆಂಗಸರಿಗೆ 7 ಮತ್ತು 4. ಬಿಸಿ, ಸದ್ದು, ಬಗ್ಗಿ ನಿಲ್ಲುವುದು, ಭಾರ ಇದ್ದರೆ ಇನ್ನೂ ಸೇರಿಸಬೇಕು. ಎಂಟು ಗಂಟೆಯ ಶಿಫ್ಟಿನಲ್ಲಿ ಶೇ 9 ಎಂದರೆ ಸುಮಾರು 40 ನಿಮಿಷ. ನನ್ನ ಕಾಲದಲ್ಲಿ ಖರ್ಚು ಉಳಿಸಿ ಎಂದು ಮೇಲಿನಿಂದ ಒತ್ತಡ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುತ್ತಿದ್ದದ್ದು ಈ ಕಾಲಂಗೇ. ಮೆಷಿನ್ ತಿರುಗುವ ವೇಗ ಬದಲಿಸಲು ಡ್ರಾಯಿಂಗ್ ಬೇಕು, ಟೂಲ್ ಬೇಕು, ಅನುಮತಿ ಬೇಕು. ದಣಿವನ್ನು ಕಡಿಮೆ ಮಾಡಲು ಒಂದು ಪೆನ್ನು ಸಾಕಾಗಿತ್ತು.

ಈಗ ನನ್ನ ಎದೆಯಲ್ಲಿ ಇಷ್ಟು ವರ್ಷ ಕೂತಿರುವ ಸಂಗತಿ. ನಮ್ಮಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದರು. ನನಗೆ ಲೇತ್ ಕಲಿಸಿದವರು ಅವರೇ. ಟೂಲ್ ಬಿಟ್ ಸಾಣೆ ಹಿಡಿಯುವಾಗ ನನ್ನ ಕೈ ಮೇಲೆ ಕೈ ಇಟ್ಟು ಕೋನ ತೋರಿಸಿಕೊಟ್ಟವರು. ನಾನು ವರ್ಕ್ ಸ್ಟಡಿಗೆ ಹೋದ ಎರಡನೇ ವರ್ಷ ಅವರ ಮೆಷಿನ್ನೇ ನನ್ನ ಪಾಲಿಗೆ ಬಂತು. ಕೆಲಸ ಪಂಪಿನ ಎರಕದ ಮುಚ್ಚಳ. ಅವರು ಪ್ರತಿ ಪೀಸನ್ನೂ ಚಕ್‌ಗೆ ಹಾಕುವ ಮುಂಚೆ ಎಡಗೈಯಲ್ಲಿ ತೂಗಿ ಹಿಡಿದು, ಸ್ಪ್ಯಾನರ್ ಹಿಡಿಯಿಂದ ಎರಡು ಕಡೆ ತಟ್ಟಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಕೂರಿಸುತ್ತಿದ್ದರು. 9 ಸೆಕೆಂಡ್. ನಾನು ಫಾರಂನಲ್ಲಿ ಅದನ್ನು ‘ಅನಗತ್ಯ ಚಲನೆ’ ಎಂದು ಬರೆದು ಹೊಡೆದುಹಾಕಿದೆ. ದಿನಕ್ಕೆ ನೂರು ಪೀಸ್ ಎಂದರೆ 15 ನಿಮಿಷ ಉಳಿಯಿತು ಎಂದು ವರದಿ ಕೊಟ್ಟೆ. ಮೆಚ್ಚುಗೆ ಸಿಕ್ಕಿತು.

ಮೂರು ತಿಂಗಳಲ್ಲಿ ಪ್ರೆಶರ್ ಟೆಸ್ಟಿನಲ್ಲಿ ಸೋರುವ ಮುಚ್ಚಳಗಳು ಹೆಚ್ಚಾದವು. ಫೌಂಡ್ರಿಯವರನ್ನು ಬೈದರು, ಮರಳು ಬದಲಿಸಿದರು. ಎರಕದಲ್ಲಿ ಮೊದಲಿನಿಂದಲೂ ಅಷ್ಟೋ ಇಷ್ಟೋ ಬಿರುಕಿನ ಪೀಸ್ ಬರುತ್ತಲೇ ಇದ್ದವು. ಗಟ್ಟಿ ಇರುವ ಎರಕ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಅವರು ಅಂಥದ್ದನ್ನು ಸುಮ್ಮನೆ ಪಕ್ಕದ ಪೆಟ್ಟಿಗೆಗೆ ಹಾಕುತ್ತಿದ್ದರು. ಅದು ಕೆಲಸದ ಕ್ರಮ ಬರೆದಿಡುವ ಯಾವ ಪ್ರೋಸೆಸ್ ಶೀಟಿನಲ್ಲೂ ಇರಲಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ, ಯಾರೂ ಅದಕ್ಕೆ ಕಾಸು ಕೊಟ್ಟದ್ದೂ ಅಲ್ಲ. ನಾನು ಹೋಗಿ ಕೇಳಿದಾಗ ಅವರು ಮೆಷಿನ್ ನಿಲ್ಲಿಸದೆಯೇ ಹೇಳಿದರು: ‘ನೀನು ನನ್ನ ಕೈ ನೋಡಿದೆ, ಕಿವಿ ನೋಡಲಿಲ್ಲ.’

ಆ 9 ಸೆಕೆಂಡನ್ನು ವಾಪಸ್ ಕೊಡಿ ಎಂದು ನಾನು ಬರೆದುಕೊಟ್ಟೆ. ಕೊಡಲಿಲ್ಲ. ಬದಲಿಗೆ ಎರಕ ಒಳಗೆ ಬರುವ ಬಾಗಿಲಲ್ಲಿ ಸುತ್ತಿಗೆ ಹಿಡಿದ ಒಬ್ಬ ಇನ್‌ಸ್ಪೆಕ್ಟರನ್ನು ಕೂರಿಸಿದರು. ತಟ್ಟುವುದೇ ಅವನ ಕೆಲಸ, ಬೆಳಗಿನಿಂದ ಸಂಜೆಯ ತನಕ. ಟರ್ನರ್‌ಗೆ ಇನ್ನು ಕಿವಿ ಬೇಕಿಲ್ಲ, ಇನ್‌ಸ್ಪೆಕ್ಟರ್‌ಗೆ ಲೇತ್ ಗೊತ್ತಿರಬೇಕಿಲ್ಲ. ಟೇಲರ್ 1903ರಲ್ಲಿ ಬರೆದ ಮಾತು ನನಗೆ ಆಮೇಲೆ ಓದಲು ಸಿಕ್ಕಿತು. ಸಾಧ್ಯವಿರುವ ಬುದ್ಧಿಯ ಕೆಲಸವನ್ನೆಲ್ಲ ಶಾಪ್‌ನಿಂದ, ಅಂದರೆ ಮೆಷಿನ್ ನಡೆಯುವ ಕಡೆಯಿಂದ, ತೆಗೆದು ಪ್ಲಾನಿಂಗ್ ವಿಭಾಗಕ್ಕೆ ಒಯ್ಯಬೇಕು ಎಂಬುದು ಅದರ ತಾತ್ಪರ್ಯ. ನನಗೆ ಅದು ಪುಸ್ತಕದ ಮಾತಾಗಿ ಕಾಣಲಿಲ್ಲ, ಆ ಬಾಗಿಲಲ್ಲಿ ಕೂತ ಸುತ್ತಿಗೆಯವನು ಕಂಡ.

ಟೇಲರ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅನುಕೂಲಸ್ಥರ ಮನೆಯ ಹುಡುಗ, ಕಾಲೇಜಿನ ದಾರಿ ಬಿಟ್ಟು ಕಾರ್ಖಾನೆಯಲ್ಲಿ ಕೆಲಸ ಕಲಿತ. 1878ರಲ್ಲಿ ಮಿಡ್‌ವೇಲ್ ಸ್ಟೀಲ್ ಕಂಪನಿಗೆ ಕೂಲಿಯಾಗಿ ಸೇರಿ, ಲೇತ್ ನಡೆಸಿ, ಮೇಸ್ತ್ರಿಯಾದ. ಮೇಸ್ತ್ರಿಯಾದ ಮೇಲೆ ತನ್ನ ಜೊತೆ ಕೆಲಸ ಮಾಡಿದವರ ಮೇಲೆಯೇ ಮೂರು ವರ್ಷ ಜಗಳ ಹೂಡಿ ಉತ್ಪಾದನೆ ಏರಿಸಿದ. ದಿನವಿಡೀ ಯಾವ ಕೆಲಸಗಾರನ ಮುಖ ನೋಡಿದರೂ ಅಲ್ಲಿ ಹಗೆಯೇ ಕಾಣುವ ಬಾಳು ಯಾರಿಗೂ ಬೇಡ ಎಂದು ಅವನೇ ಮುಂದೆ ಹೇಳಿಕೊಂಡ. ಇದನ್ನು ಓದಿದಾಗ ಬೋರ್ಡು ಹಿಡಿದು ಶಾಪ್‌ನೊಳಗೆ ಕಾಲಿಡುತ್ತಲೇ ನಿಂತುಹೋಗುತ್ತಿದ್ದ ಮಾತುಕತೆ ನನಗೆ ನೆನಪಾಯಿತು. ಆ ಹಗೆ ತಪ್ಪಿಸಲೆಂದೇ, ಯಾರ ಮರ್ಜಿಗೂ ಸಿಗದ ಒಂದು ಅಳತೆ ಬೇಕು ಎಂದು ಅವನು ಹೊರಟ. ಅಲ್ಲಿಯವರೆಗೆ ಅವನ ಜೊತೆ ನಾನೂ ಇದ್ದೇನೆ.

ಇಟ್ಟಿಗೆ ಕಟ್ಟುವ ಕೆಲಸವನ್ನು ಟೇಲರನ ಕಾಲದವನೇ ಆದ ಫ್ರಾಂಕ್ ಗಿಲ್‌ಬ್ರೆತ್ ಅಧ್ಯಯನ ಮಾಡಿದ್ದೂ ಹೀಗೆ. ಗಾರೆಯವನು ಒಂದೊಂದು ಇಟ್ಟಿಗೆಗೂ ನೆಲದ ತನಕ ಬಗ್ಗುವುದು ಯಾಕೆ ಎಂದು ಕೇಳಿ, ಗೋಡೆಯ ಜೊತೆ ಏರುವ ಅಟ್ಟಣಿಗೆ ಮಾಡಿ, ಇಟ್ಟಿಗೆಯನ್ನು ಸೊಂಟದ ಎತ್ತರಕ್ಕೆ ತಂದ. 18 ಚಲನೆ ಇದ್ದದ್ದು 5 ಆಯಿತು, ಗಂಟೆಗೆ 120 ಇಟ್ಟಿಗೆ ಇದ್ದದ್ದು 350 ಆಯಿತು. ಒಬ್ಬನ ಬೆನ್ನು ಉಳಿಸುವ ಅಂಥ ಅಳತೆ ಸಾವಿರ ಬರಲಿ. ನಾನೂ ಎರಕದ ಪೆಟ್ಟಿಗೆಗಳನ್ನು ನೆಲದಿಂದ ಮೇಜಿನ ಎತ್ತರಕ್ಕೆ ಏರಿಸಿಸಿದ್ದೇನೆ. ಇಪ್ಪತ್ತೊಂದು ವರ್ಷದಲ್ಲಿ ಜನ ನನಗೆ ಥ್ಯಾಂಕ್ಸ್ ಹೇಳಿದ್ದು ಅದಕ್ಕೆ ಮಾತ್ರ.

ಮೈಗಳ್ಳತನದ ಬಗ್ಗೆ ಲೇಖಕರು ಒಂದು ಪ್ಯಾರಾ ಬರೆದಿದ್ದಾರೆ. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಿದ್ದರು, ಟೇಲರ್ ಅದನ್ನು ಹಿಡಿದ ಎಂದು. ಯಾಕೆ ನಿಧಾನ ಮಾಡುತ್ತಿದ್ದರು ಎಂಬುದನ್ನೂ ಟೇಲರನೇ ಬರೆದಿದ್ದಾನೆ, ಅದನ್ನು ಬಿಟ್ಟುಬಿಟ್ಟಿದ್ದೀರಿ. ಪೀಸ್ ರೇಟಿನಲ್ಲಿ ಒಬ್ಬ ಜೋರು ಮಾಡಿ ಹೆಚ್ಚು ಸಂಪಾದಿಸಿದರೆ ಮಾಲೀಕ ರೇಟ್ ಇಳಿಸುತ್ತಾನೆ. ಎರಡು ಸಲ ಹಾಗಾದ ಮೇಲೆ ಯಾವನು ಜೋರು ಮಾಡುತ್ತಾನೆ? ರೇಟ್ ಒಮ್ಮೆ ನಿಗದಿಯಾದರೆ ಇಳಿಸಲೇಬಾರದು ಎಂಬುದು ಟೇಲರನ ಕಟ್ಟುನಿಟ್ಟು. ಅವನ ವಾಚನ್ನು ಎಲ್ಲರೂ ಕೊಂಡರು, ಈ ಮಾತನ್ನು ಯಾರೂ ಕೊಳ್ಳಲಿಲ್ಲ. ನಾನಿದ್ದಲ್ಲಿ ಒಂದು ಸೆಕ್ಷನ್ ನಿಗದಿಯಾದ ಕೆಲಸದ ಶೇ 130 ಮುಟ್ಟಿ ಒಳ್ಳೆಯ ಇನ್ಸೆಂಟಿವ್ ತೆಗೆದುಕೊಂಡ ಆರೇ ತಿಂಗಳಿಗೆ, ಕಡೆಯುವಾಗ ಬಿಸಿ ಇಳಿಸಲು ಹರಿಸುವ ಕೂಲಂಟ್ ದ್ರವ ಬದಲಾಯಿತು. ‘ಮೆಥಡ್ ಚೇಂಜ್’ ಎಂದು ಫೈಲ್ ತೆರೆದು ನನ್ನನ್ನೇ ಮತ್ತೆ ಅಳೆಯಲು ಕಳಿಸಿದರು. ಹೊಸ ಟೈಮ್ ಬಂತು, ಹಳೆಯ ಶೇ 130 ಹೊಸ 100 ಆಯಿತು. ಆಮೇಲೆ ಆ ಸೆಕ್ಷನ್ ಸರಿಯಾಗಿ 102ರಲ್ಲಿ ನಿಂತಿತು, ವರ್ಷಗಟ್ಟಲೆ, ಒಂದು ಪೀಸ್ ಹೆಚ್ಚಿಲ್ಲ ಕಡಿಮೆ ಇಲ್ಲ. ಆಫೀಸಿನಲ್ಲಿ ಅದನ್ನು ಮೈಗಳ್ಳತನ ಎಂದರು. ಅವರ ಜಾಗದಲ್ಲಿ ನಾನಿದ್ದರೂ 102ರಲ್ಲೇ ನಿಲ್ಲುತ್ತಿದ್ದೆ.

ಇದಕ್ಕೆಲ್ಲ ಕೆಲಸಗಾರರು ಸುಮ್ಮನಿದ್ದರು ಎಂದೇನಿಲ್ಲ. 1911ರ ಆಗಸ್ಟ್‌ನಲ್ಲಿ ಬಾಸ್ಟನ್ ಹತ್ತಿರದ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಫೌಂಡ್ರಿಗೆ ಸ್ಟಾಪ್ ವಾಚ್ ಬಂದಾಗ ಅಚ್ಚು ಹಾಕುವ ಮೋಲ್ಡರುಗಳು ಕೆಲಸ ಬಿಟ್ಟು ಹೊರನಡೆದರು. ನಮ್ಮ ಕೈಲಾದ ಅತ್ಯುತ್ತಮವನ್ನು ಕೊಡುತ್ತಲೇ ಬಂದ ನಮಗೆ ಇದು ಅವಮಾನ ಎಂಬುದು ಅವರ ಅಹವಾಲು. ಅವರು ಮುಂದಿಟ್ಟ ಮಾತು ಮಾನದ್ದು, ಇದನ್ನು ಗಮನಿಸಬೇಕು. ಅದರಿಂದ ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿ ನೇಮಕವಾಯಿತು. ಅಧ್ಯಕ್ಷ ವಿಲಿಯಂ ಬಿ. ವಿಲ್ಸನ್, ಒಂಬತ್ತನೇ ವಯಸ್ಸಿಗೆ ಕಲ್ಲಿದ್ದಲು ಗಣಿಗೆ ಇಳಿದವರು. 1912ರ ಜನವರಿಯಲ್ಲಿ ಟೇಲರ್ ಸಾಕ್ಷಿ ಹೇಳಲು ಬಂದಾಗ, ನಿಮ್ಮ ಪದ್ಧತಿಯಲ್ಲಿ ಮೊದಲ ದರ್ಜೆಯವರಲ್ಲದವರ ಗತಿ ಏನು ಎಂದು ವಿಲ್ಸನ್ ಕೇಳಿದರು. ಟೇಲರ್ ಕುದುರೆಗಳ ಹೋಲಿಕೆ ಕೊಟ್ಟ, ಹಾಡಬಲ್ಲದಾದರೂ ಹಾಡದ ಹಕ್ಕಿಗೆ ಇಲ್ಲಿ ಜಾಗವಿಲ್ಲ ಎಂದ. ನಾವಿಲ್ಲಿ ಕುದುರೆ, ಹಕ್ಕಿಗಳ ವಿಚಾರಣೆ ಮಾಡುತ್ತಿಲ್ಲ, ಸಮಾಜದ ಭಾಗವಾದ ಮನುಷ್ಯರ ವಿಚಾರಣೆ ಮಾಡುತ್ತಿದ್ದೇವೆ ಎಂಬರ್ಥದ ಉತ್ತರ ವಿಲ್ಸನ್ ಅವರಿಂದ ಬಂತು. 1915ರಲ್ಲಿ ಸೇನೆಯ ಕಾರ್ಖಾನೆಗಳಲ್ಲಿ ಸ್ಟಾಪ್ ವಾಚ್ ಬಳಸಲು ಹಣ ಕೊಡುವುದಿಲ್ಲವೆಂದು ಸಂಸತ್ತು ಕಾನೂನಿನಲ್ಲೇ ಬರೆಯಿತು. ಆ ನಿಷೇಧ 1949ರ ತನಕ ಇತ್ತು.

ಫೋರ್ಡ್ ಕಾರಿನ ವಿಷಯ ಎಲ್ಲರಿಗೂ ಗೊತ್ತು. ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಚಲಿಸುವ ಸಾಲಿನಲ್ಲಿ 93 ನಿಮಿಷಕ್ಕೆ ಇಳಿಯಿತು. ಆ ಸಾಲು ಶುರುವಾದ 1913ರಲ್ಲಿ ಕೆಲಸಗಾರರು ಎಷ್ಟು ಬೇಗ ಬಿಟ್ಟು ಹೋಗುತ್ತಿದ್ದರೆಂದರೆ, ಬಿಟ್ಟವರ ಪ್ರಮಾಣ ವರ್ಷಕ್ಕೆ ಶೇ 370. ಮರುವರ್ಷದ ದಿನಕ್ಕೆ 5 ಡಾಲರ್ ಕೂಲಿಯನ್ನು ಔದಾರ್ಯ ಎನ್ನುವವರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇದೆಲ್ಲ ನೂರು ವರ್ಷದ ಹಿಂದಿನ ಮಾತು, ಈಗ್ಯಾಕೆ ಎಂದು ಕೇಳಬಹುದು. ನನ್ನ ಮೊಮ್ಮಗಳು ಒಂದು ದೊಡ್ಡ ಗೋದಾಮಿನಲ್ಲಿ ಕೆಲಸಕ್ಕಿದ್ದಾಳೆ. ಕೈಗೆ ಒಂದು ಸ್ಕ್ಯಾನರ್ ಕೊಟ್ಟಿದ್ದಾರೆ. ಯಾವ ಕಪಾಟಿಗೆ ಹೋಗಬೇಕು ಎಂದು ಅದು ಹೇಳುತ್ತದೆ, ಮುಟ್ಟಿದ ಕೂಡಲೇ ಮುಂದಿನದು ಬರುತ್ತದೆ, ಎರಡು ಸ್ಕ್ಯಾನ್‌ಗಳ ನಡುವಿನ ಹೊತ್ತನ್ನು ಎಣಿಸುತ್ತದೆ. ಗಂಟೆಗಿಷ್ಟು ಎಂಬ ಟಾರ್ಗೆಟ್ ಇದೆ. ಅದು ಹೇಗೆ ಬಂತು ಎಂದು ಕೇಳಿದರೆ, ಸಿಸ್ಟಮ್ ಹಾಕಿದ್ದು ಎಂದು ಸೂಪರ್‌ವೈಸರ್ ಹೇಳುತ್ತಾನೆ. ಅದರಲ್ಲಿ ದಣಿವಿಗೆ ಶೇಕಡಾ ಎಷ್ಟು ಎಂದು ನಾನು ಕೇಳಿ ಬಾ ಅಂದೆ. ಅವಳು ಕೇಳಿದಳು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಡೆದ ಡಬ್ಬಿ ಕಂಡರೆ ತೆಗೆದು ಪಕ್ಕಕ್ಕಿಡುತ್ತೇನೆ, ಆ ಹೊತ್ತು ನನ್ನ ‘ಐಡಲ್’ಗೆ, ಅಂದರೆ ಸುಮ್ಮನೆ ಕೂತ ಲೆಕ್ಕಕ್ಕೆ, ಸೇರುತ್ತದೆ, ಆದ್ದರಿಂದ ಈಗೀಗ ತೆಗೆಯುವುದಿಲ್ಲ ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಅದೇ 9 ಸೆಕೆಂಡ್.

ಸೈಕಲ್ ಬೇರಿಂಗಿನ ಗುಂಡು ಪರೀಕ್ಷಿಸುವ 120 ಹುಡುಗಿಯರ ಕೆಲಸವನ್ನು 35 ಜನರಿಂದ ಮಾಡಿಸಿದ್ದನ್ನೂ ಟೇಲರ್ ಬರೆದಿದ್ದಾನೆ. ಉಳಿದವರಿಗೆ ದಿನ ಹತ್ತೂವರೆ ಗಂಟೆಯಿಂದ ಎಂಟೂವರೆ ಗಂಟೆಗೆ ಇಳಿಯಿತು, ಕೂಲಿ ಏರಿತು. ಹೋದವರಲ್ಲಿ ಅತ್ಯಂತ ಬುದ್ಧಿವಂತರು, ಕಷ್ಟಜೀವಿಗಳು, ನಂಬಿಕಸ್ಥರು ಅನೇಕರಿದ್ದರು, ಕಂಡ ತಕ್ಷಣ ಕೈ ಓಡುವ ಗುಣ ಇಲ್ಲವೆಂಬ ಒಂದೇ ಕಾರಣಕ್ಕೆ ಬಿಡಬೇಕಾಯಿತು ಎಂದು ಅವನೇ ವಿಷಾದದಿಂದ ಒಪ್ಪಿಕೊಂಡಿದ್ದಾನೆ. ಅವನಿಗೆ ಕನಿಷ್ಠ ಅವರು ಎಂಥವರು ಎಂದು ಗೊತ್ತಿತ್ತು. ನನ್ನ ಮುಂದೆಯೂ ಮನುಷ್ಯ ನಿಂತಿರುತ್ತಿದ್ದ, ಅವನು ಬೈದರೆ ನಾನು ಕೇಳಬೇಕಾಗಿತ್ತು, ಯೂನಿಯನ್‌ನವರು ಬಂದು ಫಾರಂ ತೋರಿಸು ಅಂದರೆ ತೋರಿಸಬೇಕಾಗಿತ್ತು. ನನ್ನ ಮೊಮ್ಮಗಳು ಯಾರನ್ನು ಕೇಳಬೇಕು?

ಅಳತೆ ಬೇಡ ಎನ್ನುವವನಲ್ಲ ನಾನು. ಅಳತೆಯ ಫಾರಂ ಅಳೆಸಿಕೊಂಡವರ ಕೈಗೆ ಬರಲಿ, ಅದು ಕಾಗದವಾಗಲಿ ಕಂಪ್ಯೂಟರಾಗಲಿ. ಯಾವ ಚಲನೆಯನ್ನು ‘ಅನಗತ್ಯ’ ಎಂದು ಹೊಡೆದಿದ್ದಾರೆ, ದಣಿವಿಗೆ ಎಷ್ಟು ಬಿಟ್ಟಿದ್ದಾರೆ ಎಂಬುದು ಅದರಲ್ಲಿ ಕಾಣಲಿ. ಅನಗತ್ಯ ಎಂದು ಬರೆಯುವ ಮುಂಚೆ ಅದನ್ನು ಮಾಡುವವರನ್ನು ಯಾಕೆ ಮಾಡುತ್ತೀರಿ ಎಂದು ಒಮ್ಮೆ ಕೇಳಲಿ. ವಿಶ್ರಾಂತಿಯ ಶೇಕಡಾವಾರನ್ನು ಮುಟ್ಟುವ ಅಧಿಕಾರ ಟಾರ್ಗೆಟ್ ಹಾಕುವವರಿಗೆ ಇರಕೂಡದು. ಇಂಥ ಗೋದಾಮುಗಳ ಬಗ್ಗೆ ನಿಮ್ಮ ಪತ್ರಿಕೆ ಬರೆಯುವಾಗ ದಯವಿಟ್ಟು ಟಾರ್ಗೆಟ್ ಎಷ್ಟು ಎಂದು ಮಾತ್ರ ಬರೆಯಬೇಡಿ, ಅದು ಹೇಗೆ ಬಂತು ಎಂದೂ ಕೇಳಿ ಬರೆಯಿರಿ.

ಆ ಹಿರಿಯರು ಈಗಿಲ್ಲ. ನಿವೃತ್ತರಾಗುವ ದಿನ ತಮ್ಮ ಟೂಲ್ ಪೆಟ್ಟಿಗೆಯಿಂದ ಆ ಸ್ಪ್ಯಾನರ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟು ಹೋದರು, ಏನೂ ಹೇಳಲಿಲ್ಲ. ತಟ್ಟಿ ತಟ್ಟಿ ಅದರ ಹಿಡಿಯ ಒಂದು ಬದಿ ಸವೆದು ನುಣುಪಾಗಿದೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಇದೆ.

ಇಂತಿ,
ಒಬ್ಬ ನಿವೃತ್ತ ಟರ್ನರ್